ಹೊರಗಿನ ಗಿಡವನ್ನು ನಮ್ಮ ಮಣ್ಣಿಗೆ ಒಗ್ಗಿಸಿದ ತೋಟಗಾರ ಕೃಂಬಿಗಲ್



ಪ್ರತಿ ವಾರ ಈ ಪುಟದಲ್ಲಿ ಗೊಬ್ಬರದ ಪ್ರಮಾಣ, ಔಷಧಿಯ ಲೆಕ್ಕ, ಬಿತ್ತನೆಯ ಹದ ಇವುಗಳನ್ನೇ ಓದುತ್ತೀರಿ. ಈ ವಾರ ಒಬ್ಬ ತೋಟಗಾರರ ಜೀವನ ಕಥೆಯನ್ನು ನಿಮ್ಮ ಮುಂದಿಡುತ್ತೇನೆ. ಅವರು ತೀರಿಕೊಂಡದ್ದು 1956ರಲ್ಲಿ. ಆದರೂ ನೀವು ಹಿತ್ತಲಿನಲ್ಲಿ ಹೊಸದೊಂದು ಗಿಡ ನೆಡುವ ಮೊದಲು ಅವರ ಬಾಳಿನಿಂದ ತಿಳಿಯಬೇಕಾದ ಮಾತೊಂದಿದೆ.

ಈ ಕಥೆ ಹೇಳಲು ಕಾರಣವಾದ ಸಂಗತಿಯನ್ನು ಮೊದಲು ಹೇಳುತ್ತೇನೆ. ಗುಬ್ಬಿ, ಕುಣಿಗಲ್ ಕಡೆ ಎಲ್ಲಿಗೆ ಹೋದರೂ ಈಚೆಗೆ ಸ್ಟ್ರಾಬೆರಿಯ ಮಾತು. ಬೆಂಗಳೂರಿನ ಅಂಗಡಿಗಳಲ್ಲಿ ಸಣ್ಣ ಡಬ್ಬಿಯಲ್ಲಿಟ್ಟು ಮಾರುವ ಆ ಕೆಂಪು ಹಣ್ಣಿನ ಬೆಲೆ ಕೇಳಿ ಬಂದವರು, ನಾವೂ ಬೆಳೆಯಬಹುದೇ ಎಂದು ಕೇಳುತ್ತಾರೆ. ಕುಣಿಗಲ್ ತಾಲ್ಲೂಕಿನ ರೈತರೊಬ್ಬರು ನನ್ನನ್ನು ಸಂತೆಯಲ್ಲಿ ಹೀಗೇ ಕೇಳಿದ್ದರು. ನೋಡೋಣ, ಬಂದು ಹೇಳುತ್ತೇನೆ ಎಂದವನು ಕೆಲಸದ ಗಡಿಬಿಡಿಯಲ್ಲಿ ಮರೆತೆ. ಅಷ್ಟರಲ್ಲಿ ಯಾರೋ ಸಸಿ ಮಾರುವವರು ಅವರ ಮನೆ ಬಾಗಿಲಿಗೇ ಬಂದಿದ್ದರು. ಫೆಬ್ರವರಿ ಕೊನೆಯಲ್ಲಿ 10 ಗುಂಟೆಗೆ ನಾಟಿಯಾಯಿತು. ಏಪ್ರಿಲ್ ಹೊತ್ತಿಗೆ ಎಲೆಗಳ ಅಂಚು ಸುಟ್ಟು, ಗಿಡಗಳೆಲ್ಲ ಒಣಗಿದವು. ಸೊಸೈಟಿಯ ಸಾಲ ಮಾತ್ರ ಹಸಿರಾಗಿ ಉಳಿಯಿತು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು.

ತಪ್ಪು ಗಿಡದ್ದೂ ಅಲ್ಲ, ಮಣ್ಣಿನದೂ ಅಲ್ಲ. ಹೊರಗಿನಿಂದ ಬಂದ ಗಿಡವನ್ನು ಬರಮಾಡಿಕೊಳ್ಳುವ ಒಂದು ಕ್ರಮವಿದೆ. ಆ ಕ್ರಮ ತಪ್ಪಿತ್ತು. ನಮ್ಮ ಮೈಸೂರು ಸೀಮೆಯಲ್ಲಿ ಆ ಕ್ರಮವನ್ನೇ ಜೀವನದ ಉದ್ಯೋಗ ಮಾಡಿಕೊಂಡವರು ಲಾಲ್‌ಬಾಗಿನ ಗುಸ್ತಾವ್ ಹರ್ಮನ್ ಕೃಂಬಿಗಲ್.

ಸ್ಯಾಕ್ಸನಿಯಿಂದ ಬರೋಡಕ್ಕೆ

ಕೃಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದಲ್ಲಿ. ಡ್ರೆಸ್ಡನ್ ನಗರದ ಬಳಿ ಲೋಮೆನ್ ಎಂಬ ಊರು. ಚಳಿಗಾಲದಲ್ಲಿ ಹಿಮ ಬೀಳುವ ಸೀಮೆ ಅದು. ಹರೆಯದಲ್ಲೇ ತೋಟದ ಕೆಲಸಕ್ಕೆ ಮನಸ್ಸು ಕೊಟ್ಟು, ಪಿಲ್ನಿಟ್ಸ್ ಎಂಬಲ್ಲಿ ತೋಟಗಾರಿಕೆ ಕಲಿತರು. ಆಮೇಲೆ ಹ್ಯಾಂಬರ್ಗಿನಲ್ಲಿ ಕೆಲಸ ಮಾಡಿ, 1888ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಮಡಿಗಳನ್ನು ರೂಪಿಸಿದರು. ಅಲ್ಲಿಂದ ಕ್ಯೂ ಸಸ್ಯೋದ್ಯಾನ ಸೇರಿದರು.

ಕ್ಯೂ ಉದ್ಯಾನವೆಂದರೆ ಏನೆಂದು ನಿಮಗೆ ತಿಳಿದಿರಬೇಕು. ಪ್ರಪಂಚದ ನಾನಾ ದೇಶಗಳ ಗಿಡಗಳನ್ನು ತಂದು, ಗಾಜಿನ ಮನೆಯಲ್ಲಿ ಸಾಕಿ, ಗುಣ ಪರೀಕ್ಷಿಸಿ, ಬೇರೆ ದೇಶಗಳಿಗೆ ಕಳಿಸುತ್ತಿದ್ದ ಜಾಗ. ಒಂದು ಗಿಡಕ್ಕೆ ಎಷ್ಟು ಬಿಸಿಲು ಬೇಕು, ಎಷ್ಟು ಚಳಿ ತಡೆಯುತ್ತದೆ, ಬೇರಿಗೆ ನೀರು ನಿಂತರೆ ಏನಾಗುತ್ತದೆ ಎಂಬುದನ್ನು ಅಲ್ಲಿ ಕೈಯಿಂದಲೇ ಕಲಿಯಬೇಕಿತ್ತು. ನಮ್ಮ ಲಾಲ್‌ಬಾಗಿಗೆ ಮೇಲ್ವಿಚಾರಕರಾಗಿ ಬಂದ ಹಲವರು ಕ್ಯೂನಲ್ಲಿ ಪಳಗಿದವರೇ.

1893ರಲ್ಲಿ ಬರೋಡದ ಮಹಾರಾಜ ಮೂರನೆಯ ಸಯ್ಯಾಜಿರಾವ್ ಗಾಯಕವಾಡರ ಸಂಸ್ಥಾನದಲ್ಲಿ ಅವರಿಗೆ ಉದ್ಯಾನಗಳ ಹೊಣೆ ಸಿಕ್ಕಿತು. ಆಗ ಅವರಿಗೆ 27 ವರ್ಷ. ಹಿಮ ಕಂಡವನಿಗೆ ಗುಜರಾತಿನ ಬೇಸಿಗೆ. ತನ್ನ ಊರಿನಲ್ಲಿ ಕಲಿತ ಬಿತ್ತನೆಯ ಕಾಲ ಇಲ್ಲಿ ನಡೆಯುವುದಿಲ್ಲ. ಅಲ್ಲಿ ವಸಂತದಲ್ಲಿ ನೆಡುವ ಗಿಡವನ್ನು ಇಲ್ಲಿ ಮಳೆ ಹಿಂದೆ ಸರಿದ ಮೇಲೆ ನೆಡಬೇಕು. ಊಟಿಯಲ್ಲಿ ಗಾಯಕವಾಡರ ಬೇಸಿಗೆ ಅರಮನೆಯ ತೋಟವನ್ನೂ ಅವರೇ ರೂಪಿಸಿದರು. ಬಯಲ ಸೀಮೆಯ ಬಿಸಿಲು, ಬೆಟ್ಟದ ತಂಪು ಎರಡನ್ನೂ ಹೀಗೆ ಒಬ್ಬರೇ ಕಂಡರು.

ಲಾಲ್‌ಬಾಗಿನ ದಿನಗಳು

ಲಾಲ್‌ಬಾಗನ್ನು 1760ರಲ್ಲಿ ಆರಂಭಿಸಿದವರು ಹೈದರಾಲಿ. ಟಿಪ್ಪು ಸುಲ್ತಾನರು ದೂರ ದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದರು. 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರವರೆಗೆ ಜಾನ್ ಕ್ಯಾಮರಾನ್ ಅದರ ಮೇಲ್ವಿಚಾರಕರಾಗಿದ್ದರು. ಇಂದು ನಮ್ಮ ಹೆಂಗಸರು ಸಾಂಬಾರಿಗೆ ಹಾಕುವ ಸೀಮೆಬದನೆ ಈ ಭಾಗಕ್ಕೆ ಬಂದದ್ದು ಕ್ಯಾಮರಾನರ ಕಾಲದಲ್ಲಿ, ಲಾಲ್‌ಬಾಗಿನ ಮೂಲಕ. ಹೆಸರಿನ ಮುಂದಿರುವ ಸೀಮೆ ಎಂಬ ಮಾತೇ ಅದು ಪರದೇಶದ್ದೆಂದು ಹೇಳುತ್ತದೆ. ಪರಂಗಿ, ಸೀಬೆ, ಸಪೋಟ, ಮೆಣಸಿನಕಾಯಿ, ಟೊಮ್ಯಾಟೊ, ಕಡಲೆಕಾಯಿ ಇವೂ ಅಮೆರಿಕ ಖಂಡದ ಕಡೆಯಿಂದ ಬಂದವೇ. ಇಂದು ಇವುಗಳನ್ನು ಯಾರೂ ಹೊರಗಿನವು ಎನ್ನುವುದಿಲ್ಲ.

ಕ್ಯಾಮರಾನ್ ನಿವೃತ್ತರಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಕೃಂಬಿಗಲ್ಲರನ್ನು ಮೈಸೂರಿಗೆ ಕರೆಸಿಕೊಂಡರು. ಜರ್ಮನಿಯವನೊಬ್ಬ ಈ ಹುದ್ದೆಗೆ ಬರುವುದು ಬ್ರಿಟಿಷ್ ಅಧಿಕಾರಿಗಳಿಗೆ ಹಿಡಿಸಲಿಲ್ಲ. ಮಹಾರಾಜರು ತಮ್ಮ ನಿರ್ಧಾರ ಬದಲಿಸಲಿಲ್ಲ. 1908ರಿಂದ ಲಾಲ್‌ಬಾಗ್ ಕೃಂಬಿಗಲ್ಲರ ಕೈಗೆ ಬಂತು.

ಬೆಂಗಳೂರಿನ ಜನ ಅವರನ್ನು ನೆನೆಯುವುದು ರಸ್ತೆ ಬದಿಯ ಮರಗಳಿಂದ. ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಜಾತಿ ಹೂ ಬಿಡಬೇಕು, ವರ್ಷವಿಡೀ ಊರಿನಲ್ಲಿ ಒಂದಲ್ಲ ಒಂದು ಕಡೆ ಹೂವಿರಬೇಕು ಎಂದು ಲೆಕ್ಕ ಹಾಕಿ ನೆಡಿಸಿದವರು ಅವರು. ಇದನ್ನು ಬರೀ ಅಂದದ ಮಾತೆಂದು ತಿಳಿಯಬೇಡಿ. ಯಾವ ಮರ ಯಾವ ತಿಂಗಳು ಎಲೆ ಉದುರಿಸುತ್ತದೆ, ಯಾವಾಗ ಚಿಗುರುತ್ತದೆ, ಎಷ್ಟು ದಿನ ಹೂವಿರುತ್ತದೆ ಎಂದು ವರ್ಷಗಟ್ಟಲೆ ನೋಡಿ ಬರೆದಿಟ್ಟುಕೊಳ್ಳದೆ ಇಂಥ ಲೆಕ್ಕ ಕೂಡುವುದಿಲ್ಲ.

ರೈತರಾದ ನಮಗೆ ಮುಖ್ಯವಾದ ಅವರ ಕೆಲಸ ಬೇರೆ. ಅವರು ಹೊರ ದೇಶಗಳೊಡನೆ ಬೀಜ, ಸಸಿಗಳ ವಿನಿಮಯ ನಡೆಸಿದರು. ದನಗಳ ಮೇವಿಗೆ ರೋಡ್ಸ್ ಹುಲ್ಲು, ರಷ್ಯದ ಸೂರ್ಯಕಾಂತಿ, ಸೋಯಾ ಅವರೆ, ಅಮೆರಿಕದ ಮುಸುಕಿನ ಜೋಳ ಇವುಗಳನ್ನು ಅವರು ಇಲ್ಲಿಗೆ ತರಿಸಿ ನೋಡಿದವರ ಸಾಲಿನಲ್ಲಿದ್ದಾರೆ.

ಸಸ್ಯೋದ್ಯಾನದಲ್ಲಿ ಹೊಸ ಗಿಡವನ್ನು ನೋಡುವ ಕ್ರಮ ಹೀಗೆ. ಬಂದ ಬೀಜವನ್ನು ನೇರವಾಗಿ ಹೊಲಕ್ಕೆ ಒಯ್ಯುವುದಿಲ್ಲ. ಮೊದಲು ಕುಂಡದಲ್ಲಿ, ಆಮೇಲೆ ಸಸಿ ಮಡಿಯಲ್ಲಿ, ಆಮೇಲೆ ಒಂದು ಸಣ್ಣ ಪಾತಿಯಲ್ಲಿ. ಒಂದು ಮಳೆಗಾಲ, ಒಂದು ಚಳಿಗಾಲ, ಒಂದು ಬೇಸಿಗೆ ಅದು ದಾಟಬೇಕು. ಎಷ್ಟು ಸತ್ತವು, ಎಷ್ಟು ಉಳಿದವು, ಯಾವ ಹುಳು ಬಂತು ಎಂದು ಪುಸ್ತಕದಲ್ಲಿ ಬರೆಯಬೇಕು. ಉಳಿದವುಗಳಿಂದ ಬೀಜ ಹಿಡಿದು ಮತ್ತೆ ಬಿತ್ತಬೇಕು. ಆಮೇಲಷ್ಟೇ ಬೇರೆಯವರಿಗೆ ಕೊಡುವುದು.

ಸೂರ್ಯಕಾಂತಿಯನ್ನೇ ನೋಡಿ. ಕೃಂಬಿಗಲ್ ಕಾಲದಲ್ಲಿ ಅದು ತೋಟದ ಗಿಡ. ನಮ್ಮ ಹೊಲಗಳಲ್ಲಿ ಎಣ್ಣೆಕಾಳಿನ ಬೆಳೆಯಾಗಿ ಹರಡಿದ್ದು 1969ರಲ್ಲಿ ರಷ್ಯದಿಂದ ಹೊಸ ತಳಿಗಳು ಬಂದ ಮೇಲೆ. ಗಿಡ ಅದೇ, ಆದರೆ ತಳಿ, ಕಾಲ, ಮಾರುಕಟ್ಟೆ ಮೂರೂ ಕೂಡಲು ಹತ್ತಾರು ವರ್ಷ ಹಿಡಿಯಿತು. ಹೊರಗಿನದೆಲ್ಲ ಒಳ್ಳೆಯದೆಂದೂ ಅಲ್ಲ. ಲಂಟಾನವೂ ಹೊರಗಿನದೇ, ಕಾಂಗ್ರೆಸ್ ಗಿಡವೂ ಹೊರಗಿನದೇ. ಅವು ನಮ್ಮ ಗೋಮಾಳಗಳನ್ನು ಏನು ಮಾಡಿವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘ ಹುಟ್ಟಿತು. ಸರಕಾರದ ತೋಟದೊಳಗಿನ ವಿದ್ಯೆ ಮನೆ ಮನೆಯ ಕೈತೋಟಕ್ಕೆ ಹೋಗಲು ಈ ಸಂಘ, ಅದರ ಫಲಪುಷ್ಪ ಪ್ರದರ್ಶನಗಳು ದಾರಿಯಾದವು. ಇಂದಿಗೂ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಯ ಹೊತ್ತಿಗೆ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆಯುವ ಪ್ರದರ್ಶನ ನೀವು ನೋಡಿರಬಹುದು.

ಎರಡು ಯುದ್ಧ, ಎರಡು ಸಲ ಬಂಧನ

1914ರಲ್ಲಿ ಯುರೋಪಿನಲ್ಲಿ ಯುದ್ಧ ಹತ್ತಿತು. ಜರ್ಮನಿಯಲ್ಲಿ ಹುಟ್ಟಿದ್ದೊಂದೇ ಕಾರಣಕ್ಕೆ ಬ್ರಿಟಿಷರು ಕೃಂಬಿಗಲ್ಲರನ್ನು ನಿರ್ಬಂಧದಲ್ಲಿಟ್ಟರು. ಯುದ್ಧ ಮುಗಿದ ಮೇಲೆ ಮತ್ತೆ ತೋಟಕ್ಕೆ ಬಂದರು. ಬೇರೆಯವರಾಗಿದ್ದರೆ ಈ ದೇಶದ ಸಹವಾಸವೇ ಸಾಕೆಂದು ಹೊರಟುಬಿಡುತ್ತಿದ್ದರೇನೋ. ಅವರು ಹೋಗಲಿಲ್ಲ.

ಆಮೇಲಿನ ಅವರ ದೊಡ್ಡ ಕೆಲಸ ಕನ್ನಂಬಾಡಿಯಲ್ಲಿ. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಳಗೆ ಬೃಂದಾವನ ಉದ್ಯಾನ ರೂಪುಗೊಂಡಿತು. 1927ರಲ್ಲಿ ಆರಂಭವಾದ ಆ ಕೆಲಸ 1932ಕ್ಕೆ ಮುಗಿಯಿತು. ಅದರ ವಿನ್ಯಾಸದಲ್ಲಿ ಕೃಂಬಿಗಲ್ಲರ ಕೈ ಇದೆ. ಅದೇ 1932ರಲ್ಲಿ ಅವರು ನಿವೃತ್ತರಾದರು. ಅವರ ಕೈಕೆಳಗೆ ಪಳಗಿದ ಎಚ್.ಸಿ. ಜವರಾಯರು ಮುಂದೆ ಆ ಜಾಗಕ್ಕೆ ಬಂದರು. ಪರದೇಶದಿಂದ ಬಂದ ತೋಟಗಾರ ತನ್ನ ವಿದ್ಯೆಯನ್ನು ಈ ನೆಲದವರ ಕೈಗೆ ಕೊಟ್ಟು ಹೋದರು ಎಂಬುದು ಸಣ್ಣ ಮಾತಲ್ಲ.

1939ರಲ್ಲಿ ಎರಡನೆಯ ಮಹಾಯುದ್ಧ ಬಂತು. ಆಗ ಅವರು ಎಪ್ಪತ್ತು ದಾಟಿದ ಮುದುಕ. ಮತ್ತೆ ನಿರ್ಬಂಧ. ಬಿಡುಗಡೆಯಾದ ಮೇಲೆ ಮತ್ತೆ ಬೆಂಗಳೂರೇ. 1956ರ ಫೆಬ್ರವರಿ 8ರಂದು, 90 ವರ್ಷ ತುಂಬಿದ ಮೇಲೆ, ಬೆಂಗಳೂರಿನಲ್ಲೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಲಾಲ್‌ಬಾಗಿನ ಹತ್ತಿರದ ರಸ್ತೆಯೊಂದಕ್ಕೆ ಅವರ ಹೆಸರಿದೆ. 27ರ ಹರೆಯದಲ್ಲಿ ಈ ದೇಶಕ್ಕೆ ಬಂದ ಗಿಡ ಇಲ್ಲೇ ಬೇರು ಬಿಟ್ಟು, ಇಲ್ಲೇ ಮಣ್ಣಾಯಿತು.

ಸ್ಟ್ರಾಬೆರಿಗೂ ಒಂದು ಪ್ರಯಾಣ

ಈಗ ನಿಮ್ಮ ಪ್ರಶ್ನೆಗೆ ಬರೋಣ. ಇಂದು ನಾವು ತಿನ್ನುವ ದಪ್ಪ ಸ್ಟ್ರಾಬೆರಿಯೂ ಹೀಗೆಯೇ ಕಷ್ಟಪಟ್ಟು ಬಂದದ್ದು. ಫ್ರೆಜಿಯೆ ಎಂಬ ಫ್ರಾನ್ಸಿನ ಎಂಜಿನಿಯರ್ ದಕ್ಷಿಣ ಅಮೆರಿಕದ ಚಿಲಿ ದೇಶದಿಂದ 1714ರಲ್ಲಿ ದಪ್ಪ ಹಣ್ಣಿನ ಗಿಡಗಳನ್ನು ಹಡಗಿನಲ್ಲಿ ತಂದ. ಕುಡಿಯುವ ನೀರಿಗೇ ಬರವಿದ್ದ ಆರು ತಿಂಗಳ ಪ್ರಯಾಣ. ಬದುಕಿ ಬಂದದ್ದು ಐದೇ ಗಿಡ. ಯುರೋಪಿನಲ್ಲಿ ಅವು ಚೆನ್ನಾಗಿ ಬೆಳೆದವು, ಹೂವೂ ಬಿಟ್ಟವು, ಆದರೆ ಹಣ್ಣು ಕಟ್ಟಲಿಲ್ಲ. ನಮ್ಮ ಪರಂಗಿಯಲ್ಲಿ ಗಂಡು ಮರ, ಹೆಣ್ಣು ಮರ ಇರುವಂತೆ ಅವುಗಳಲ್ಲೂ ಭೇದವಿತ್ತು. ಬಂದವೆಲ್ಲ ಹೆಣ್ಣು ಗಿಡಗಳು. ಉತ್ತರ ಅಮೆರಿಕದ ಇನ್ನೊಂದು ಜಾತಿಯನ್ನು ಪಕ್ಕದಲ್ಲಿ ನೆಟ್ಟ ಮೇಲೆ ಹಣ್ಣು ಬಂತು. ಈ ಎರಡರ ಬೆರಕೆಯಿಂದ ಹುಟ್ಟಿದ್ದೇ ಇಂದಿನ ಸ್ಟ್ರಾಬೆರಿ. ಈ ಗುಟ್ಟನ್ನು ಬಿಡಿಸಿ 1766ರಲ್ಲಿ ಪುಸ್ತಕ ಬರೆದವನು ದುಶೆನ್ ಎಂಬ 19 ವರ್ಷದ ಹುಡುಗ. ಈಗಿನ ತಳಿಗಳ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗ ಇರುವುದರಿಂದ ನಿಮಗೆ ಆ ತೊಂದರೆ ಇಲ್ಲ. ಜೇನುನೊಣ ಬಂದರೆ ಸಾಕು. ಹೂವಿರುವಾಗ ಔಷಧಿ ಹೊಡೆದು ಅವುಗಳನ್ನು ಓಡಿಸಬೇಡಿ.

ಮೊದಲ ವರ್ಷ 20 ಗಿಡ

ಕೃಂಬಿಗಲ್ಲರ ದಾರಿ ಹಿಡಿಯುವುದಾದರೆ ಮೊದಲ ವರ್ಷ 20 ಗಿಡ ಸಾಕು. ಹಿತ್ತಲಿನಲ್ಲಿ 10 ಅಡಿ ಉದ್ದ, 3 ಅಡಿ ಅಗಲದ ಒಂದು ಮಡಿ ಮಾಡಿ.

ಕಾಲ: ಇದೇ ಎಲ್ಲಕ್ಕಿಂತ ಮುಖ್ಯ. ಸ್ಟ್ರಾಬೆರಿ ಹಗಲು ಕಿರಿದಾಗಿ ರಾತ್ರಿ ತಂಪಾದಾಗ ಹೂ ಕಟ್ಟುವ ಗಿಡ. ತುಮಕೂರು ಸಮುದ್ರ ಮಟ್ಟದಿಂದ ಸುಮಾರು 2,700 ಅಡಿ ಎತ್ತರದಲ್ಲಿದೆ. ನಮ್ಮಲ್ಲಿ ಅದಕ್ಕೆ ಒಪ್ಪುವ ತಂಪು ಇರುವುದು ಕಾರ್ತಿಕದಿಂದ ಶಿವರಾತ್ರಿಯವರೆಗೆ ಮಾತ್ರ. ಆದ್ದರಿಂದ ಜೋರು ಮಳೆ ಕಳೆದ ಮೇಲೆ, ಅಕ್ಟೋಬರಿನಲ್ಲಿ ನಾಟಿ ಮಾಡಿ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಹಣ್ಣು ಸಿಗುತ್ತದೆ. ಶಿವರಾತ್ರಿಗೆ ಚಳಿ ಹೋದ ಮೇಲೆ ನೆಟ್ಟ ಗಿಡ ಬೇಸಿಗೆಯ ಬಾಯಿಗೆ ಬಿದ್ದಂತೆ. ಕುಣಿಗಲ್ಲಿನ ಆ ರೈತರಿಗೆ ಆದದ್ದು ಇದೇ.

ಮಣ್ಣು: ನೀರು ಬಸಿದು ಹೋಗುವ ಕೆಂಪು ಗೋಡು ಒಳ್ಳೆಯದು. ಸ್ವಲ್ಪ ಹುಳಿ ಗುಣದ ಮಣ್ಣು, ಎಂದರೆ ರಸಸಾರ 5.5ರಿಂದ 6.5 ಇರಬೇಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಮೂರು ಮಂಕರಿ ಬೆರೆಸಿ, ಮಡಿಯನ್ನು ಒಂದು ಅಡಿ ಏರಿಸಿ. ಹಿಂದೆ ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೆಳೆದ ಜಾಗ ಬೇಡ. ಅವುಗಳ ಸೊರಗು ರೋಗ ಇದಕ್ಕೂ ತಗಲುತ್ತದೆ.

ನಾಟಿ: ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಡಿ. ಎಲೆಗಳು ಹುಟ್ಟುವ ಬುಡದ ಸುಳಿ ಮಣ್ಣಿನ ಮಟ್ಟದಲ್ಲೇ ಇರಬೇಕು. ಆಳಕ್ಕೆ ಹೋದರೆ ಸುಳಿ ಕೊಳೆಯುತ್ತದೆ, ಮೇಲೆ ನಿಂತರೆ ಬೇರು ಒಣಗುತ್ತದೆ. ಕ್ಯಾಮರೋಸ, ವಿಂಟರ್ ಡಾನ್, ಸ್ವೀಟ್ ಚಾರ್ಲಿ ಇವು ನಮ್ಮ ದೇಶದಲ್ಲಿ ಬೆಳೆಯುತ್ತಿರುವ ತಳಿಗಳು. ಮಹಾಬಲೇಶ್ವರದ ಕಡೆಯಿಂದ ಸಸಿ ಬರುತ್ತದೆ. ಮಾರುವವರಲ್ಲಿ ತಳಿಯ ಹೆಸರು ಕೇಳಿ, ರಸೀತಿ ಪಡೆಯಿರಿ.

ನೀರು: ಬೇರು ಮೇಲ್ಮಣ್ಣಿನಲ್ಲೇ ಹರಡುವುದರಿಂದ ದಿನವೂ ಬೆಳಿಗ್ಗೆ ಸ್ವಲ್ಪ ಸ್ವಲ್ಪ ನೀರು ಬೇಕು. ಎಲೆ, ಹಣ್ಣಿನ ಮೇಲೆ ಸುರಿಯದೆ ಬುಡಕ್ಕೆ ಕೊಡಿ. ಸ್ಟ್ರಾಬೆರಿ ಉಪ್ಪು ತಡೆಯುವುದಿಲ್ಲ. ನಮ್ಮ ಎಷ್ಟೋ ಕೊಳವೆ ಬಾವಿಗಳ ನೀರು ಗಡಸು. ನಾಟಿಗೆ ಮೊದಲು ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ಇದಕ್ಕೆ ಆಗುವ ಖರ್ಚು ಸಸಿಯ ಖರ್ಚಿನ ಮುಂದೆ ಏನೂ ಅಲ್ಲ.

ಹೊದಿಕೆ: ನಾಟಿಯಾಗಿ ಸಸಿ ಹಿಡಿದ ಮೇಲೆ ಬುಡದ ಸುತ್ತ ರಾಗಿ ಹುಲ್ಲೋ ಭತ್ತದ ಹುಲ್ಲೋ ಹಾಸಿ. ತೇವ ಉಳಿಯುತ್ತದೆ, ಕಳೆ ಏಳುವುದಿಲ್ಲ, ಹಣ್ಣು ಮಣ್ಣಿಗೆ ತಗಲಿ ಕೊಳೆಯುವುದಿಲ್ಲ.

ಬಳ್ಳಿ: ಗಿಡ ಗರಿಕೆಯಂತೆ ಹಬ್ಬು ಬಳ್ಳಿ ಬಿಡುತ್ತದೆ. ಹಣ್ಣಿನ ಕಾಲದಲ್ಲಿ ಅವುಗಳನ್ನು ಚಿವುಟಿ ಹಾಕಿ, ಇಲ್ಲವಾದರೆ ಗಿಡದ ಶಕ್ತಿಯೆಲ್ಲ ಅಲ್ಲಿಗೆ ಹೋಗುತ್ತದೆ. ಹಣ್ಣು ಮುಗಿದ ಮೇಲೆ ನಾಲ್ಕಾರು ಬಳ್ಳಿಗಳನ್ನು ಮಣ್ಣು ತುಂಬಿದ ಕುಂಡಗಳಲ್ಲಿ ಊರಿ, ಬೇರು ಬಿಟ್ಟ ಮೇಲೆ ಕತ್ತರಿಸಿ, ನೆರಳಿನ ಬಲೆಯ ಕೆಳಗೆ ಬೇಸಿಗೆ ದಾಟಿಸಲು ನೋಡಿ. ಎಷ್ಟು ಉಳಿಯುತ್ತವೆ ಎಂಬುದೇ ನಿಮ್ಮ ನಿಜವಾದ ಪರೀಕ್ಷೆ.

ಕೊಯ್ಲು: ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕೆಂಪಾದ ಮೇಲೆ, ಬೆಳಗಿನ ತಂಪಿನಲ್ಲಿ, ತೊಟ್ಟು ಸಮೇತ ಕೀಳಿ. ಬಾಳೆ, ಮಾವಿನಂತೆ ಇದು ಕಿತ್ತ ಮೇಲೆ ಹಣ್ಣಾಗುವುದಿಲ್ಲ. ತಂಪಿನಲ್ಲಿಡದಿದ್ದರೆ ಒಂದೆರಡು ದಿನಕ್ಕಿಂತ ಹೆಚ್ಚು ತಡೆಯುವುದಿಲ್ಲ. ಎಕರೆ ಲೆಕ್ಕದಲ್ಲಿ ಬೆಳೆಯಲು ಹೊರಡುವವರು ಈ ಒಂದು ಮಾತನ್ನು ಹತ್ತು ಸಲ ಯೋಚಿಸಬೇಕು. ಕೊಂಡುಕೊಳ್ಳುವವರು ಯಾರು, ಎಂದು ಬರುತ್ತಾರೆ ಎಂಬುದು ಗೊತ್ತಾಗದೆ ಈ ಹಣ್ಣನ್ನು ಹೆಚ್ಚಿಗೆ ಬೆಳೆಯಬಾರದು.

ಇನ್ನು ಒಂದು ನೋಟು ಪುಸ್ತಕ ಇಟ್ಟುಕೊಳ್ಳಿ. ಮಕ್ಕಳ ಹಳೆಯ ಪುಸ್ತಕದ ಖಾಲಿ ಹಾಳೆಗಳಾದರೂ ಸಾಕು. ನಾಟಿಯ ದಿನ, ಸತ್ತ ಗಿಡ, ಮೊದಲ ಹೂ, ಮೊದಲ ಹಣ್ಣು, ಒಟ್ಟು ತೂಕ, ಖರ್ಚು ಎಲ್ಲವನ್ನೂ ಬರೆಯಿರಿ. ಚೆನ್ನಾಗಿ ಬಂದರೆ ಗಿಡವೊಂದಕ್ಕೆ ಕಾಲು ಕಿಲೋ ಆಸುಪಾಸು ಹಣ್ಣು ಸಿಗಬಹುದು. ಬರದಿದ್ದರೆ ಹೋಗುವುದು 20 ಸಸಿಯ ದುಡ್ಡು, 10 ಗುಂಟೆಯ ಸಾಲವಲ್ಲ. ಸಂಶಯ ಬಂದರೆ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ, ಇಲ್ಲವೇ ತುಮಕೂರಿನ ಬಳಿಯ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿ. ಒಂದು ಸಲಕ್ಕೆ ಉತ್ತರ ಸಿಗದಿದ್ದರೆ ಬಿಡಬೇಡಿ, ಎರಡನೆಯ ಸಲ ಕೇಳಿ. ನನ್ನಂಥವರಿಗೆ ಮರೆವು ಇರುತ್ತದೆ.

ಹೊರಗಿನ ಗಿಡ ನೋಡುತ್ತಾ ಮನೆಯ ಗಿಡ ಮರೆಯುವುದೂ ಬೇಡ. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ರೈತರೊಬ್ಬರ ಮನೆಯ ಹಲಸಿನ ಮರ ವರ್ಷಗಟ್ಟಲೆ ತನ್ನಷ್ಟಕ್ಕೆ ಕೆಂಪು ತೊಳೆಯ ಹಣ್ಣು ಬಿಡುತ್ತಿತ್ತು. ಹಿರೇಹಳ್ಳಿಯ ವಿಜ್ಞಾನಿಗಳು ಅದನ್ನು ಪರೀಕ್ಷಿಸಿದ ಮೇಲೆ ಅದೇ ಸಿದ್ದು ಹಲಸು ಎಂದು ಹೆಸರಾಯಿತು. ಹೊರಗಿನದಾಗಲಿ ಒಳಗಿನದಾಗಲಿ, ಕಣ್ಣಿಟ್ಟು ನೋಡುವವರು ಬೇಕು.

ಕಡೆಗೆ ಆ ಕುಣಿಗಲ್ ರೈತರ ಸುದ್ದಿ. ಮುಂದಿನ ಅಕ್ಟೋಬರಿನಲ್ಲಿ ನಾನೇ ಅವರ ಮನೆಗೆ ಹೋದೆ. ಬೇಡ ಸ್ವಾಮಿ, ಸಾಕು ಎಂದರು. ಅವರ ಸೊಸೆ ಮಾತ್ರ ಬಚ್ಚಲಿನ ಪಕ್ಕದ ಜಾಗ ತೋರಿಸಿದಳು. ಬಚ್ಚಲ ಸೋಪಿನ ನೀರು ತಗಲದಷ್ಟು ದೂರಕ್ಕೆ ಸರಿಸಿ ಮಡಿ ಮಾಡಿ, 20 ಸಸಿ ನೆಟ್ಟೆವು. 5 ಸತ್ತವು, 15 ಉಳಿದವು. ಸಂಕ್ರಾಂತಿಯ ದಿನ ಎಳ್ಳು ಬೆಲ್ಲದ ತಟ್ಟೆಯಲ್ಲಿ ಕಬ್ಬಿನ ತುಂಡಿನ ಪಕ್ಕ ನಾಲ್ಕು ಕೆಂಪು ಹಣ್ಣು ಇಟ್ಟು ಕೊಟ್ಟರು. ಸಾಲ ಇನ್ನೂ ತೀರಿಲ್ಲ. ಆದರೆ ಸೊಸೆಯ ನೋಟು ಪುಸ್ತಕದಲ್ಲಿ ಎರಡು ಪುಟ ತುಂಬಿದೆ. ಸತ್ತ ಐದೂ ಮಡಿಯ ಪಡುವಣ ಅಂಚಿನವು, ಮಧ್ಯಾಹ್ನದ ಬಿಸಿಲು ಬೀಳುವ ಕಡೆಯವು ಎಂದು ಆಕೆ ಬರೆದಿದ್ದಾಳೆ. ಈ ವರ್ಷ ಆ ಬದಿಗೆ ತೊಗರಿಯ ಒಂದು ಸಾಲು ಹಾಕಿ ನೆರಳು ಮಾಡುವ ಯೋಚನೆ ಅವಳದು. ಅದು ನನಗೂ ಹೊಳೆದಿರಲಿಲ್ಲ.

ನೀವೂ ಈ ಅಕ್ಟೋಬರಿಗೆ ಒಂದು ಮಡಿ ಸಿದ್ಧ ಮಾಡಿ. ಇಪ್ಪತ್ತೇ ಗಿಡ. ಒಂದು ಹೆಚ್ಚು ಬೇಡ.